ಸೇವಾಜಾಲದ ವಿಲೀನ: ಮೊದಲು ದಾನದ ಉದ್ದೇಶ, ಆಮೇಲೆ ಹುದ್ದೆಗಳ ಪಟ್ಟಿ

2022ರ ನವೆಂಬರ್ 22ರಂದು ಪೋಪ್ ಫ್ರಾನ್ಸಿಸ್ ಒಂದು ಆಜ್ಞೆ ಹೊರಡಿಸಿ, ಕ್ಯಾಥೊಲಿಕ್ ಧರ್ಮಸಭೆಯ ಸೇವಾ ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ಕಾರಿತಾಸ್ ಇಂಟರ್‌ನ್ಯಾಷನಾಲಿಸ್‌ನ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಖಜಾಂಚಿ ಎಲ್ಲರ ಅಧಿಕಾರವನ್ನೂ ಕೊನೆಗೊಳಿಸಿದರು. ಅದಕ್ಕೆ ಮುನ್ನ ನಡೆದ ಸ್ವತಂತ್ರ ಪರಿಶೀಲನೆಯಲ್ಲಿ ಹಣ ದುರುಪಯೋಗವಾದದ್ದಕ್ಕೆ ಸಾಕ್ಷ್ಯ ಸಿಕ್ಕಿರಲಿಲ್ಲ. ಕಂಡುಬಂದದ್ದು ಆಡಳಿತದ ಮತ್ತು ಕಾರ್ಯವಿಧಾನದ ಕೊರತೆಗಳು. ಅವುಗಳಿಂದ ಸಿಬ್ಬಂದಿಯ ಉತ್ಸಾಹವೂ ಕುಸಿದಿತ್ತು. ಹೊಸ ಅಧ್ಯಕ್ಷರಾಗಿ ಟೋಕಿಯೋದ ಆರ್ಚ್‌ಬಿಷಪ್ ಕಿಕುಚಿ ಆಯ್ಕೆಯಾದದ್ದು 2023ರ ಮೇ ತಿಂಗಳಲ್ಲಿ. ನಡುವಿನ ಅವಧಿಯನ್ನು ತಾತ್ಕಾಲಿಕ ಆಡಳಿತಾಧಿಕಾರಿ ನೋಡಿಕೊಂಡರು. ಆ ಒಕ್ಕೂಟದ 160ಕ್ಕೂ ಹೆಚ್ಚು ಸದಸ್ಯ ಸಂಸ್ಥೆಗಳು ತಮ್ಮ ತಮ್ಮ ಬಿಷಪರಿಗೆ ಉತ್ತರ ಕೊಡುವಂಥವು. ಹಾಗಾಗಿ ಮೇಲೆ ಯಾರಿದ್ದಾರೆ ಎಂಬುದಕ್ಕೆ ಅವುಗಳ ದಿನದ ಕೆಲಸ ಕಾಯಬೇಕಿರಲಿಲ್ಲ.

ಒಂದು ಧರ್ಮಪ್ರಾಂತ್ಯದೊಳಗೆ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶದೊಳಗೆ, ವಲಸಿಗರ ನೆರವು, ಕೈದಿಗಳ ಭೇಟಿ, ಕುಟುಂಬ ಸಲಹೆ ಎಂದು ಬೇರೆ ಬೇರೆ ನಡೆಯುತ್ತಿದ್ದ ಘಟಕಗಳನ್ನು ಒಂದೇ ಕಚೇರಿಗೆ ಸೇರಿಸುವಾಗ ಇಂಥ ಆಸರೆ ಇರುವುದಿಲ್ಲ. ಮೇಲೆ ಏನಾದರೂ ತಡವಾದರೆ ಕೆಳಗೆ ಆ ವಾರವೇ ಕೆಲಸ ನಿಲ್ಲುತ್ತದೆ.

ಬಹುತೇಕ ಕಡೆ ವಿಲೀನದ ಮೊದಲ ಸಭೆಯಲ್ಲೇ ಯಾರು ಯಾರ ಕೈಕೆಳಗೆ ಎಂಬ ಚಿತ್ರ ಗೋಡೆಯ ಮೇಲೆ ಬರುತ್ತದೆ. ಅದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ. ಮೊದಲು ಕೇಳಬೇಕಾದದ್ದು, ಸೇರಿಸಲು ಹೊರಟಿರುವ ಪ್ರತಿ ಘಟಕವೂ ಕಾನೂನಿನ ಕಣ್ಣಿನಲ್ಲಿ ಏನು ಎಂದು. ಬಿಷಪರ ಕಚೇರಿಯ ಒಂದು ವಿಭಾಗವಾದರೆ ಬಿಷಪರ ಪತ್ರವೇ ಸಾಕಾದೀತು. ಧರ್ಮಸಭೆಯ ಕಾನೂನಿನಡಿ ಸ್ವಂತ ಅಸ್ತಿತ್ವವಿರುವ ಸಾರ್ವಜನಿಕ ಸಂಸ್ಥೆಯಾದರೆ ಆ ಕಾನೂನಿನ 1983ರ ಸಂಹಿತೆಯ ಕ್ಯಾನನ್ (ಕಲಂ) 121 ಅನ್ವಯಿಸುತ್ತದೆ: ಹೊಸ ಸಂಸ್ಥೆಗೆ ಹಳೆಯದರ ಆಸ್ತಿ, ಹಕ್ಕು ಮಾತ್ರವಲ್ಲ, ಹೊಣೆಗಳೂ ಬರುತ್ತವೆ, ಸ್ಥಾಪಕರ ಮತ್ತು ದಾನಿಗಳ ಇಚ್ಛೆಯನ್ನು ಕಾಪಾಡಲೇಬೇಕು. ಘಟಕವು ದೇಶದ ಕಾನೂನಿನಡಿ ಟ್ರಸ್ಟ್ ಅಥವಾ ಸಂಘವಾಗಿಯೂ ನೋಂದಣಿಯಾಗಿದ್ದರೆ ಧರ್ಮಸಭೆಯ ಆಜ್ಞೆಯೊಂದರಿಂದ ಅದು ಕರಗುವುದಿಲ್ಲ. ಅದಕ್ಕೆ ಅದರದೇ ಬೈಲಾ, ಅದರದೇ ಸರ್ವಸದಸ್ಯರ ಸಭೆ ಇರುತ್ತದೆ. ಎರಡೂ ಕಡೆಯ ಕಾಗದಪತ್ರ ಒಟ್ಟಿಗೆ ಸಾಗದಿದ್ದರೆ ಹಳೆಯ ಸಂಸ್ಥೆಯ ಹೆಸರಿನಲ್ಲಿ ಖಾತೆ ಇರುತ್ತದೆ, ಸಹಿ ಹಾಕಲು ಅಧಿಕಾರವಿರುವವರು ಮಾತ್ರ ಯಾರೂ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವುವುದು ದುಡ್ಡಿನಲ್ಲಿ. ಕಳ್ಳತನವಾಗುತ್ತದೆ ಎಂದಲ್ಲ, ದುಡ್ಡಿನ ಉದ್ದೇಶ ಮರೆತುಹೋಗುತ್ತದೆ. ಭಕ್ತರು ಒಂದು ಕೆಲಸಕ್ಕೆಂದು ಕೊಟ್ಟದ್ದನ್ನು ಆ ಕೆಲಸಕ್ಕೇ ಬಳಸಬೇಕು ಎನ್ನುತ್ತದೆ ಕ್ಯಾನನ್ 1267. ವಿಲೀನದ ದಿನ ಎಲ್ಲ ಶಿಲ್ಕನ್ನೂ ಒಂದೇ ಖಾತೆಗೆ ವರ್ಗಾಯಿಸಿದಾಗ ಬ್ಯಾಂಕಿನ ಚೀಟಿಯಲ್ಲಿ ಒಂದು ಮೊತ್ತ ಮಾತ್ರ ಕಾಣುತ್ತದೆ. ಮೂರು ತಿಂಗಳು ಕಳೆದು ಸಂಬಳಕ್ಕೆ ಕೊರತೆ ಬಿದ್ದಾಗ ಆ ಮೊತ್ತದೊಳಗೆ ಕೈದಿಗಳ ಮಕ್ಕಳ ಶಾಲೆ ಫೀಸಿಗೆ ಬಂದ ಹಣವೂ ಇದೆ ಎಂಬುದು ಹೊಸ ಲೆಕ್ಕಿಗರಿಗೆ ತಿಳಿದಿರುವುದಿಲ್ಲ. ಆದ್ದರಿಂದ ವರ್ಗಾವಣೆಗೆ ಮೊದಲೇ ಒಂದು ಲೆಡ್ಜರ್ ಬರೆಯಿರಿ: ಕೊಟ್ಟವರು ಯಾರು, ಯಾವ ಮಾತಿನಲ್ಲಿ ಉದ್ದೇಶ ಹೇಳಿದರು, ಎಷ್ಟು ಬಂತು, ಎಷ್ಟು ಉಳಿದಿದೆ, ಅದಕ್ಕೆ ಆಧಾರವಾದ ಪತ್ರ ಎಲ್ಲಿದೆ. ಉದ್ದೇಶವನ್ನು ದಾನಿಯ ಮಾತಿನಲ್ಲೇ ಬರೆಯಬೇಕು. ಗುಮಾಸ್ತರು ‘ಶಿಕ್ಷಣ’ ಎಂದು ಚಿಕ್ಕದು ಮಾಡಿಬಿಟ್ಟರೆ ಮುಂದೆ ಯಾವ ಶಿಕ್ಷಣಕ್ಕೂ ಅದು ಹೊಂದಿಕೊಳ್ಳುತ್ತದೆ. ದಾನಿ ಹೇಳಿದ ಕೆಲಸವೇ ನಿಂತುಹೋಗಿದೆಯೆನ್ನಿ. ದಾನಿ ಇದ್ದರೆ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ತೀರಿಕೊಂಡವರ ದತ್ತಿಯಾದರೆ ಕ್ಯಾನನ್ 1310ರ ದಾರಿ ಹಿಡಿದು ಬಿಷಪರ ಬಳಿ ಹೋಗಬೇಕು. ನಿರ್ದೇಶಕರ ಸಮಿತಿ ತಾನೇ ನಿರ್ಣಯಿಸುವ ವಿಷಯವಲ್ಲ ಇದು.

ಆಡಳಿತ ವಹಿಸಿಕೊಳ್ಳುವವರು ಮೊದಲು ಆಸ್ತಿಯ ಪಟ್ಟಿ ತಯಾರಿಸಿ ಸಹಿ ಮಾಡಬೇಕು, ಒಂದು ಪ್ರತಿ ಸಂಸ್ಥೆಯಲ್ಲಿ, ಇನ್ನೊಂದು ಬಿಷಪರ ಕಚೇರಿಯಲ್ಲಿ ಇರಬೇಕು ಎಂದು ಕ್ಯಾನನ್ 1283 ಹೇಳುತ್ತದೆ. ಇದನ್ನು ಬರಿಯ ವಿಧಿ ಎಂದುಕೊಂಡವರು ವರ್ಷ ತುಂಬುವುದರೊಳಗೆ ಹಳೆಯ ವ್ಯಾನು ಯಾರದು ಎಂದು ಜಗಳವಾಡುತ್ತಾರೆ.

ಕೆಲಸ ಕಳೆದುಕೊಳ್ಳುವ ಸಿಬ್ಬಂದಿಯ ವಿಷಯದಲ್ಲಿ ಕ್ಯಾನನ್ 1286 ಸ್ಪಷ್ಟವಾಗಿದೆ: ದೇಶದ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ನ್ಯಾಯವಾದ ಸಂಬಳ ಕೊಡಬೇಕು. ಕಾರ್ಮಿಕರ ಹಕ್ಕುಗಳ ಬಗ್ಗೆ ಪೋಪ್ ಬರೆದ 1891ರ ‘ರೇರುಮ್ ನೊವಾರುಮ್’ ಪತ್ರವನ್ನು ಕಾರ್ಮಿಕ ದಿನದಂದು ಓದುವ ಸಂಸ್ಥೆಯೇ ತನ್ನ ಚಾಲಕನನ್ನು ನೋಟಿಸಿಲ್ಲದೆ ಕಳಿಸಿದರೆ, ಆ ಓದನ್ನು ಆಮೇಲೆ ಯಾರೂ ನಂಬುವುದಿಲ್ಲ. ಪರಿಹಾರದ ಮೊತ್ತ ವಿಲೀನದ ಬಜೆಟ್‌ನಲ್ಲೇ ಇರಲಿ, ಉಳಿತಾಯದಿಂದ ಮುಂದೆ ಕೊಡೋಣ ಎಂಬ ಲೆಕ್ಕ ಬೇಡ. ಮೊದಲ ವರ್ಷ ವಿಲೀನದಲ್ಲಿ ಉಳಿತಾಯವಾಗುವುದು ಅಪರೂಪ. ಎರಡು ಲೆಕ್ಕದ ಸಾಫ್ಟ್‌ವೇರ್, ಎರಡು ಬಾಡಿಗೆ, ಎರಡು ಲೆಕ್ಕಪರಿಶೋಧನೆ ಒಟ್ಟಿಗೆ ನಡೆಯುತ್ತಿರುತ್ತವೆ.

ತೀರ್ಮಾನಗಳು ಎಲ್ಲಿ ಆಗಬೇಕು ಎಂಬುದು ಮುಂದಿನ ಪ್ರಶ್ನೆ. ಕೆಳಗಿನವರು ಮಾಡಬಲ್ಲ ಕೆಲಸವನ್ನು ಮೇಲಿನವರು ಕಸಿದುಕೊಳ್ಳಬಾರದು ಎಂಬುದು 1931ರಿಂದ ಧರ್ಮಸಭೆಯ ಬೋಧನೆಯಲ್ಲಿ ಬರಹದಲ್ಲೇ ಇದೆ. 2012ರ ನವೆಂಬರ್ 11ರಂದು ಪೋಪ್ 16ನೇ ಬೆನೆಡಿಕ್ಟ್ ಹೊರಡಿಸಿದ ನಿಯಮಾವಳಿಯೂ ಪ್ರತಿ ಧರ್ಮಕೇಂದ್ರದಲ್ಲಿ, ಅಂದರೆ ಸ್ಥಳೀಯ ಚರ್ಚಿನ ಮಟ್ಟದಲ್ಲಿ, ಸೇವಾ ಘಟಕವಿರುವಂತೆ ಬಿಷಪರು ಪ್ರೋತ್ಸಾಹಿಸಬೇಕು ಎನ್ನುತ್ತದೆ. ಆದರೂ ವಿಲೀನವಾದೊಡನೆ ಎಲ್ಲ ಅರ್ಜಿಗಳೂ ಕೇಂದ್ರ ಕಚೇರಿಗೆ ಹರಿಯತೊಡಗುತ್ತವೆ, ಏಕೆಂದರೆ ಹೊಸ ಲೆಕ್ಕದ ಪದ್ಧತಿಗೆ ಅದು ಸುಲಭ. ಮನೆ ಬಾಡಿಗೆ ಕಟ್ಟಲಾಗದ ಕುಟುಂಬ ಸಮಿತಿ ಸೇರುವ ತನಕ ಕಾಯುವಂತಾಗುತ್ತದೆ. ಇದಕ್ಕೆ ಮದ್ದು ಸರಳ: ಒಂದು ಮಿತಿಯೊಳಗಿನ ತುರ್ತು ನೆರವನ್ನು ಧರ್ಮಕೇಂದ್ರದ ಇಬ್ಬರು ಸಹಿ ಮಾಡಿ ಅಂದೇ ಕೊಡಲಿ, ರಸೀದಿ ತಿಂಗಳ ಕೊನೆಗೆ ಬರಲಿ.

ಸ್ವಯಂಸೇವಕರಿಗೆ ಸುದ್ದಿ ಮುಟ್ಟಿಸುವಾಗ ಧರ್ಮಕೇಂದ್ರದ ಗುರುಗಳಿಗೊಂದು ಪತ್ರ ಕಳಿಸಿದರೆ ಸಾಲದು. ಅದು ಅವರ ಮೇಜಿನಲ್ಲೇ ಉಳಿಯುತ್ತದೆ. ಹಳೆಯ ಸಂಯೋಜಕರ ಮೊಬೈಲಿನಲ್ಲಷ್ಟೇ ಇರುವ ಹೆಸರು, ನಂಬರುಗಳನ್ನು ಅವರು ಹೊರಡುವ ಮೊದಲು ಒಪ್ಪಿಗೆಯೊಂದಿಗೆ ಸಂಸ್ಥೆಯ ಪಟ್ಟಿಗೆ ಸೇರಿಸಿಕೊಳ್ಳಿ. ಹಳಬರೂ ಹೊಸಬರೂ ಕನಿಷ್ಠ ಮೂರು ತಿಂಗಳು ಜೊತೆಯಲ್ಲಿ ಧರ್ಮಕೇಂದ್ರಗಳಿಗೆ ಹೋಗಲಿ. ದೌರ್ಜನ್ಯದ ದೂರುಗಳ ಕಡತ ಮಾತ್ರ ಬೇರೆಯೇ ಹಸ್ತಾಂತರವಾಗಬೇಕು: ಎಣಿಸಿ, ಮೊಹರು ಹಾಕಿ, ಇಬ್ಬರ ಸಹಿಯೊಂದಿಗೆ. ದೂರು ಸ್ವೀಕರಿಸುವ ಫೋನ್ ನಂಬರು ಕಚೇರಿ ಬದಲಾಯಿತೆಂದು ಒಂದು ದಿನವೂ ನಿಲ್ಲಬಾರದು.

ಕೊನೆಯದಾಗಿ, ಹಳೆಯ ಹೆಸರನ್ನು ರದ್ದು ಮಾಡಲು ಆತುರ ಬೇಡ. ವರ್ಷಗಳ ಹಿಂದೆ ಬರೆದ ಉಯಿಲುಗಳಲ್ಲಿ ಇರುವುದು ಆ ಹೆಸರೇ. ಅದರ ನೋಂದಣಿ ಅಳಿಸಿದ ಮೇಲೆ ಉಯಿಲು ತೆರೆದರೆ ದತ್ತಿ ಯಾರಿಗೆ ಸೇರಬೇಕೆಂದು ನ್ಯಾಯಾಲಯಕ್ಕೆ ಹೋಗಬೇಕಾದೀತು. ಸ್ಥಳೀಯ ಕಾನೂನು ಒಪ್ಪುವುದಾದರೆ ಹಳೆಯ ಸಂಸ್ಥೆಯನ್ನು ವ್ಯವಹಾರವಿಲ್ಲದೆ ಕೆಲವು ವರ್ಷ ಉಳಿಸಿಕೊಳ್ಳಿ, ಅದರ ವಾರ್ಷಿಕ ವರದಿ ಸಲ್ಲಿಸುವ ಹೊಣೆಯನ್ನು ಹೊಸ ಕಚೇರಿಯ ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿ.