ಇಂಗ್ಲಿಷಿಗೂ ಸಂಧಿಯುಂಟು, ಬರವಣಿಗೆಯಲ್ಲಿ ಮಾತ್ರ ಕಾಣದು

ಕ್ರಿಕೆಟ್ ನೋಡುವ ಎಲ್ಲರಿಗೂ ಪರಿಚಿತವಾದ ‘ಅಂಪೈರ್’ ಎಂಬ ಪದ ಈ ರೂಪ ತಾಳಿದ್ದು ಕಿವಿಯ ತಪ್ಪಿನಿಂದ. ಹಳೆಯ ಫ್ರೆಂಚಿನಿಂದ ಮಧ್ಯಕಾಲದ ಇಂಗ್ಲಿಷಿಗೆ ಬಂದಾಗ ಅದು ‘ನೌಂಪೆರ್’ ಆಗಿತ್ತು. ಸಮಜೋಡಿಯಲ್ಲದವನು, ಅಂದರೆ ಎರಡೂ ಪಕ್ಷಕ್ಕೆ ಸೇರದ ಮೂರನೆಯವನು ಎಂಬುದು ಅದರ ಅರ್ಥ. ‘ಎ ನೌಂಪೆರ್’ ಎಂದು ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ‘ಆ್ಯನ್ ಔಂಪೆರ್’ ಎಂದು ಕೇಳಿಸಿತು. ಪದದ ತಲೆಯಲ್ಲಿದ್ದ ನಕಾರ ಹಿಂದಿನ ಪದದ ಬಾಲಕ್ಕೆ ಅಂಟಿಕೊಂಡು ಅಲ್ಲಿಯೇ ಉಳಿಯಿತು. ‘ಏಪ್ರನ್’ ಕೂಡ ಮೊದಲು ‘ನೇಪ್ರನ್’ ಆಗಿತ್ತು, ‘ಆ್ಯಡರ್’ ಎಂಬ ಹಾವು ‘ನ್ಯಾಡರ್’ ಆಗಿತ್ತು. ಒಂದು ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಆರಂಭವಾಯಿತು ಎಂಬುದನ್ನು ಇಂಗ್ಲಿಷರೇ ತಪ್ಪಾಗಿ ಕೇಳಿಸಿಕೊಂಡರೆ ನಿಘಂಟು ಬದಲಾಗುತ್ತದೆ. ನಮ್ಮ ವಿದ್ಯಾರ್ಥಿ ಕೇಳಿಸಿಕೊಂಡರೆ ಅಂಕ ಹೋಗುತ್ತದೆ.

ವಿದೇಶಕ್ಕೆ ಓದಲು ಅಥವಾ ದುಡಿಯಲು ಹೊರಟವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಆಲಿಸುವ ಭಾಗದಲ್ಲಿ ಸುಮಾರು 30 ನಿಮಿಷಗಳ ಧ್ವನಿಮುದ್ರಣವಿರುತ್ತದೆ, 40 ಪ್ರಶ್ನೆಗಳಿರುತ್ತವೆ, ಧ್ವನಿ ಒಮ್ಮೆ ಮಾತ್ರ ಕೇಳಿಸುತ್ತದೆ. ಅಭ್ಯಾಸ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಕಠಿಣ ಪದಗಳ ಉದ್ದನೆಯ ಪಟ್ಟಿಯೊಂದನ್ನು ತಂದು ಬಾಯಿಪಾಠಕ್ಕೆ ಕೂರುವುದು. ಇದು ಹೊಟ್ಟೆನೋವಿಗೆ ಮಂಡಿಗೆ ಎಣ್ಣೆ ಹಚ್ಚಿದಂತೆ. ಧ್ವನಿಮುದ್ರಣದ ಲಿಖಿತ ರೂಪವನ್ನು ಎದುರಿಗಿಟ್ಟುಕೊಂಡು ತಪ್ಪಿಹೋದ ಜಾಗಗಳನ್ನು ಹುಡುಕಿದರೆ, ಅಲ್ಲಿ ಕಾಣುವ ಪದಗಳಲ್ಲಿ ಬಹುಪಾಲು ಹೈಸ್ಕೂಲಿನಲ್ಲಿಯೇ ಕಲಿತವಾಗಿರುತ್ತವೆ. ಕಣ್ಣಿಗೆ ಗೊತ್ತಿದ್ದ ಪದ ಕಿವಿಗೆ ಗೊತ್ತಿರಲಿಲ್ಲ, ಅಷ್ಟೆ.

ಇದಕ್ಕೆ ಕಾರಣವನ್ನು ವಿವರಿಸಲು ಕನ್ನಡಿಗರ ಬಳಿ ಒಳ್ಳೆಯ ಸಲಕರಣೆಯೊಂದು ಈಗಾಗಲೇ ಇದೆ. ಕೇಶಿರಾಜ 13ನೇ ಶತಮಾನದಲ್ಲಿಯೇ ತನ್ನ ವ್ಯಾಕರಣದ ಮೊದಲ ಪ್ರಕರಣವನ್ನು ಸಂಧಿಗೆ ಮೀಸಲಿಟ್ಟ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದರೆ ಲೋಪ, ಗುರು ಮತ್ತು ಅನ್ನು ಸೇರಿ ‘ಗುರುವನ್ನು’ ಆದರೆ ಆಗಮ, ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆದರೆ ಆದೇಶ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಈ ಮೂರೂ ಇಂಗ್ಲಿಷಿನ ಮಾತಿನಲ್ಲಿವೆ. ‘ನೆಕ್ಸ್ಟ್ ಡೇ’ ಎಂಬುದು ‘ನೆಕ್ಸ್ ಡೇ’ ಆಗುವಾಗ ಟಕಾರ ಲೋಪವಾಗುತ್ತದೆ. ‘ಗೋ ಆನ್’ ಎಂಬುದು ‘ಗೋವಾನ್’ ಆಗುವಾಗ ವಕಾರ ಬರುತ್ತದೆ, ‘ಸೀ ಇಟ್’ ಎಂಬುದು ‘ಸೀಯಿಟ್’ ಆಗುವಾಗ ಯಕಾರ ಬರುತ್ತದೆ. ನಮ್ಮ ಯಕಾರಾಗಮ, ವಕಾರಾಗಮಗಳಿಗೂ ಇವಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದೇ ಹೇಳಬಹುದು. ‘ಟೆನ್ ಬಾಯ್ಸ್’ ಎಂಬುದು ‘ಟೆಮ್ ಬಾಯ್ಸ್’ ಆಗುವುದೂ, ‘ಡಿಡ್ ಯು’ ಎಂಬುದು ‘ಡಿಜು’ ಆಗುವುದೂ ಆದೇಶ. ಬ್ರಿಟಿಷರಲ್ಲಿ ಅನೇಕರು ‘ಲಾ ಅಂಡ್ ಆರ್ಡರ್’ ಎನ್ನುವಾಗ ನಡುವೆ ಎಲ್ಲಿಯೂ ಬರೆದಿರದ ರಕಾರವೊಂದನ್ನು ಸೇರಿಸುತ್ತಾರೆ; ಹಾಗಾಗಿಯೇ ಅಲ್ಲಿನ ರಾಜಕಾರಣಿಗಳು ಸದಾ ಸ್ಮರಿಸುವ ‘ಲಾರಾ ನಾರ್ಡರ್’ ಎಂಬ ಮಹಿಳೆ ಯಾರು ಎಂಬ ಹಳೆಯ ನಗೆಮಾತು ಅವರಲ್ಲಿದೆ. ಇಂಥ ಬದಲಾವಣೆಗಳಿಗೆ ಪಾಶ್ಚಾತ್ಯ ಭಾಷಾವಿಜ್ಞಾನಿಗಳು ಬಳಸುವ ಹೆಸರೂ ಸಂಸ್ಕೃತದಿಂದ ಕಡ ಪಡೆದ ‘ಸಂಧಿ’ ಎಂಬುದೇ ಆಗಿದೆ.

ವ್ಯತ್ಯಾಸವಿರುವುದು ಲಿಪಿಯಲ್ಲಿ. ನಾವು ಸಂಧಿಯನ್ನು ನುಡಿಯುತ್ತೇವೆ, ಬರೆಯುತ್ತೇವೆ ಕೂಡ. ಇಂಗ್ಲಿಷರು ನುಡಿಯುತ್ತಾರೆ, ಆದರೆ ಕಾಗದದ ಮೇಲೆ ಪ್ರತಿ ಪದವನ್ನೂ ಬಿಡಿಬಿಡಿಯಾಗಿ, ಏನೂ ಆಗಿಲ್ಲವೆಂಬಂತೆ ಇಡುತ್ತಾರೆ. ಪುಸ್ತಕದಿಂದ ‘ಎಲ್ಲಿಗೆ ಹೋಗುತ್ತಿದ್ದೀರಿ’ ಎಂದು ಕಲಿತು ಬೆಂಗಳೂರಿಗೆ ಬಂದ ಹೊರನಾಡಿನವರೊಬ್ಬರು ಬಸ್‌ನಲ್ಲಿ ‘ಎಲ್ಲೋಗ್ತಿದೀರ’ ಎಂಬ ಪ್ರಶ್ನೆ ಕೇಳಿ ಕಂಗಾಲಾಗುವುದನ್ನು ನೆನಪಿಸಿಕೊಂಡರೆ ಪರೀಕ್ಷಾ ಕೊಠಡಿಯಲ್ಲಿ ಹೆಡ್‌ಫೋನ್ ಹಾಕಿ ಕುಳಿತ ನಮ್ಮವರ ಪಾಡು ಅರ್ಥವಾಗುತ್ತದೆ.

ಸಂಧಿಯ ಜೊತೆಗೆ ಸ್ವರಗಳ ತೊಡಕೂ ಇದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಸಲ್ಲುತ್ತದೆ, ಲಘುವಿಗೆ ಒಂದು, ಗುರುವಿಗೆ ಎರಡು. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಬಡಿಸಿದಂತೆ. ಇಂಗ್ಲಿಷ್ ಒಬ್ಬ ಅತಿಥಿಗೆ ಹೋಳಿಗೆ ತುಪ್ಪ ಬಡಿಸಿ ಉಳಿದವರನ್ನು ಮಜ್ಜಿಗೆಯಲ್ಲಿ ಸಾಗಹಾಕುತ್ತದೆ. ಒತ್ತು ಬಿದ್ದ ಅಕ್ಷರದ ಸ್ವರ ಸ್ಪಷ್ಟವಾಗಿರುತ್ತದೆ, ಉಳಿದವುಗಳಲ್ಲಿ ಹೆಚ್ಚಿನವು ಬಾಯಿಯ ನಡುವಿನ ಒಂದು ಮಂಕಾದ ಅಕಾರಕ್ಕೆ ಕುಗ್ಗುತ್ತವೆ, ಕೆಲವು ಪೂರ್ತಿ ಮಾಯವಾಗುತ್ತವೆ: ‘ವೆಜಿಟೇಬಲ್’ ಎಂದು ನಾವು ನಾಲ್ಕು ಅಕ್ಷರಗಳಿಗೂ ನ್ಯಾಯ ಒದಗಿಸುತ್ತೇವೆ, ಅವರು ‘ವೆಜ್‌ಟಬ್ಲ್’ ಎಂದು ಮುಗಿಸುತ್ತಾರೆ. ಒತ್ತು ಜಾಗ ಬದಲಿಸಿದರೆ ಪದದ ಮುಖವೇ ಬದಲಾಗುತ್ತದೆ. ‘ಫೋಟಗ್ರಾಫ್’ ಬಲ್ಲವನಿಗೆ ‘ಫಟಾಗ್ರಫಿ’ ಅಪರಿಚಿತನಂತೆ ಕೇಳಿಸುತ್ತದೆ. ಒತ್ತುಗಳು ಗಡಿಯಾರದ ಮುಳ್ಳಿನಂತೆ ಸಮ ಅಂತರದಲ್ಲಿ ಬೀಳುತ್ತವೆ ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು, ಉಪಕರಣಗಳಿಂದ ಅಳೆದಾಗ ಅಷ್ಟು ಅಚ್ಚುಕಟ್ಟಾದ ಸಮತೆ ಸಿಗಲಿಲ್ಲ. ಆದರೆ ಸ್ವರ ಕುಗ್ಗುವುದಂತೂ ನಿಜ. ಇದರ ಅತಿ ದುಬಾರಿ ಉದಾಹರಣೆ ‘ಕ್ಯಾನ್’ ಮತ್ತು ‘ಕಾಂಟ್’. ನಾವು ಕೊನೆಯ ಟಕಾರಕ್ಕಾಗಿ ಕಿವಿಗೊಟ್ಟು ಕಾಯುತ್ತೇವೆ, ಆದರೆ ‘ಐ ಕಾಂಟ್ ಗೋ’ ಎಂಬಲ್ಲಿ ಅದು ಗಕಾರದ ಮುಂದೆ ಬಹುಮಟ್ಟಿಗೆ ನುಂಗಿಹೋಗುತ್ತದೆ. ಬ್ರಿಟಿಷ್ ನುಡಿಯಲ್ಲಿ ‘ಐ ಕನ್ ಗೋ’ ಎಂದು ಸ್ವರ ಕುಗ್ಗಿದ್ದರೆ ಹೋಗಬಹುದು, ‘ಐ ಕಾನ್ ಗೋ’ ಎಂದು ಸ್ವರ ತುಂಬಿದ್ದರೆ ಹೋಗಲಾಗದು. ಅರ್ಥದ ಭಾರವನ್ನೆಲ್ಲ ಹೊತ್ತಿರುವುದು ಸ್ವರ.

ಹಾಗಾದರೆ ಇಂಗ್ಲಿಷರಿಗೆ ಇದೆಲ್ಲ ಹೇಗೆ ಕೇಳಿಸುತ್ತದೆ? ಬಿಡಿಯಾಗಿ ಕೊಟ್ಟರೆ ಅವರಿಗೂ ಕೇಳಿಸುವುದಿಲ್ಲ. ಇರ್ವಿನ್ ಪೊಲ್ಲಾಕ್ ಮತ್ತು ಜೆ. ಎಂ. ಪಿಕೆಟ್ 1964ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಹಜ ಮಾತುಕತೆಯ ಧ್ವನಿಮುದ್ರಣದಿಂದ ಒಂದೊಂದೇ ಪದವನ್ನು ಕತ್ತರಿಸಿ ಕೇಳಿಸಿದಾಗ ಅರ್ಧದಷ್ಟನ್ನು ಮಾತ್ರ ಕೇಳುಗರು ಗುರುತಿಸಿದರು. ಅಕ್ಕಪಕ್ಕದ ಮಾತನ್ನು ಸೇರಿಸುತ್ತ ಹೋದಂತೆ ಗುರುತಿಸುವುದು ಸುಲಭವಾಯಿತು. ಮಂಜು ಕವಿದ ಮಲೆನಾಡಿನಲ್ಲಿ ಶಿಖರಗಳಷ್ಟನ್ನೇ ನೋಡಿ ಕಣಿವೆಗಳನ್ನು ಊಹಿಸಿದಂತೆ, ಮಿದುಳು ಒತ್ತಿರುವ ಅಕ್ಷರಗಳನ್ನು ಹಿಡಿದು ಉಳಿದುದನ್ನು ತುಂಬಿಕೊಳ್ಳುತ್ತದೆ. ಆ್ಯನ್ ಕಟ್ಲರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಇಂಗ್ಲಿಷ್ ಮಾತಿನಲ್ಲಿ ಅರ್ಥಭಾರವುಳ್ಳ ಪದಗಳಲ್ಲಿ ಬಹುಪಾಲು ಗಟ್ಟಿಯಾದ ಅಕ್ಷರದಿಂದಲೇ ಆರಂಭವಾಗುತ್ತವೆ, ಆದ್ದರಿಂದ ಗಟ್ಟಿ ಅಕ್ಷರ ಕೇಳಿದಲ್ಲೆಲ್ಲ ಹೊಸ ಪದ ಶುರುವಾಯಿತೆಂದು ಕೇಳುಗರು ಊಹಿಸುತ್ತಾರೆ. ಆ ಊಹೆ ಎಲ್ಲ ಅಕ್ಷರಗಳಿಗೂ ಮಾತ್ರೆ ಸಲ್ಲುವ ನುಡಿಯಲ್ಲಿ ಬೆಳೆದ ಕಿವಿಗೆ ತಾನಾಗಿ ಬರುವುದಿಲ್ಲ.

ಪದಸಂಪತ್ತು ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ಓದುವ ಭಾಗಕ್ಕೆ ಅದೇ ಬಂಡವಾಳ. ಒಂದು ಪಠ್ಯ ಯಾರ ನೆರವೂ ಇಲ್ಲದೆ ಚೆನ್ನಾಗಿ ತಿಳಿಯಬೇಕಾದರೆ ಅದರ 98% ಪದಗಳು ಗೊತ್ತಿರಬೇಕೆಂಬುದು ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ದಲ್ಲಿ ತಲುಪಿದ ಅಂದಾಜು. ಒಟ್ಟು ಸುಮಾರು 2500 ಪದಗಳ ಮೂರು ಪಠ್ಯಗಳನ್ನು 60 ನಿಮಿಷದಲ್ಲಿ ಓದಬೇಕಾದವರು 50 ಅಪರಿಚಿತ ಪದಗಳವರೆಗೆ ತಾಳಿಕೊಳ್ಳಬಹುದು ಎಂದಾಯಿತು. ಆದರೆ ಕಲಿಯಬೇಕಾದದ್ದು ಅಪರೂಪದ ಪದಗಳನ್ನಲ್ಲ, ಪದೇ ಪದೇ ಬರುವವುಗಳನ್ನು. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದು, ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಕಷ್ಟವನ್ನು ಕಂಡ ಮೈಕಲ್ ವೆಸ್ಟ್, 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದ್ದು ಈ ತರ್ಕದಿಂದಲೇ. ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಅದರ ಮೇಲೆ ಕಟ್ಟಿದ, ಪಠ್ಯಪುಸ್ತಕಗಳ ನುಡಿಗೆ ಸಂಬಂಧಿಸಿದ 570 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು) ಶೈಕ್ಷಣಿಕ ಬರಹದ ಸುಮಾರು 10% ಪದಗಳನ್ನು ಒಳಗೊಳ್ಳುತ್ತವೆ.

ಅವುಗಳನ್ನು ಕಲಿಯುವ ಬಗೆಯಲ್ಲಿಯೂ ಮೂಢನಂಬಿಕೆಗಳಿವೆ. ಮಲಗುವಾಗ ಪದಗಳ ಧ್ವನಿಮುದ್ರಣ ಹಾಕಿಟ್ಟರೆ ತಾನಾಗಿ ತಲೆಗೆ ಇಳಿಯುತ್ತದೆ ಎಂಬುದು ಒಂದು; ಸೈಮನ್ ಮತ್ತು ಎಮನ್ಸ್ ಎಂಬ ಅಮೆರಿಕದ ಸಂಶೋಧಕರು 1950ರ ದಶಕದಲ್ಲಿಯೇ ಮಿದುಳಿನ ಅಲೆಗಳನ್ನು ಅಳೆಯುತ್ತ ಪರೀಕ್ಷಿಸಿ, ನಿಜವಾಗಿ ನಿದ್ರಿಸಿದ್ದಾಗ ಕೇಳಿಸಿದ್ದು ನೆನಪಿನಲ್ಲಿ ಉಳಿಯಲಿಲ್ಲವೆಂದು ತೋರಿಸಿದರು. ಇನ್ನೊಂದು ಹೆಚ್ಚು ಗೌರವಾನ್ವಿತವಾದದ್ದು, ಅಂದರೆ ಪಟ್ಟಿಯನ್ನು ಮತ್ತೆ ಮತ್ತೆ ಓದುವುದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟಾಗ, ಎರಡು ಸಲ ಓದಿದವರು 5 ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು 42%, ಒಮ್ಮೆ ಓದಿ ಒಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ 56%.

ಈ ಎರಡು ಅಂಶಗಳನ್ನು, ಎಂದರೆ ಕಿವಿಯನ್ನೂ ಮುಚ್ಚಿದ ಪುಸ್ತಕವನ್ನೂ, ಒಟ್ಟಿಗೆ ದುಡಿಸುವ ಅಭ್ಯಾಸವೊಂದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇತ್ತು: ಉಕ್ತಲೇಖನ. ಲಿಖಿತ ರೂಪ ಲಭ್ಯವಿರುವ ಯಾವುದಾದರೂ ಧ್ವನಿಮುದ್ರಣದಿಂದ 20 ಸೆಕೆಂಡುಗಳ ತುಣುಕನ್ನು ಆರಿಸಿ, ಕೇಳಿದ್ದನ್ನು ಕೇಳಿದಂತೆ ಬರೆಯಬೇಕು, ಎರಡನೆಯ ಸಲ ಕೇಳಿ ತುಂಬಬೇಕು, ಆನಂತರವೇ ಲಿಖಿತ ರೂಪ ತೆರೆಯಬೇಕು. ತಪ್ಪಾದ ಪ್ರತಿ ಜಾಗದ ಪಕ್ಕದಲ್ಲಿ ಲೋಪ, ಆಗಮ, ಆದೇಶ, ಕುಗ್ಗಿದ ಸ್ವರ ಅಥವಾ ನಿಜಕ್ಕೂ ಗೊತ್ತಿಲ್ಲದ ಪದ ಎಂದು ಒಂದು ಗುರುತು ಹಾಕಬೇಕು. ನಾನು ಹೀಗೆ ಎರಡು ತಿಂಗಳು ಬರೆದ ನೋಟ್‌ಬುಕ್ಕಿನಲ್ಲಿ ಕೊನೆಯ ಗುರುತು ಅಲ್ಲೊಂದು ಇಲ್ಲೊಂದು ಮಾತ್ರ ಇತ್ತು. ಪುಟ ತುಂಬಿದ್ದು ‘ಆಫ್’, ‘ಟು’, ‘ಅಂಡ್’, ‘ಹ್ಯಾವ್’ ಎಂಬಂಥ, ಯಾವ ಪಟ್ಟಿಯಲ್ಲೂ ಕಠಿಣವೆಂದು ಬರದ ಪದಗಳು, ಮತ್ತು ಪದದ ಕೊನೆಯ ಬಹುವಚನದ ಸಕಾರ. ಆ ಸಕಾರವೊಂದು ಬಿಟ್ಟುಹೋದರೂ ಪರೀಕ್ಷೆಯಲ್ಲಿ ಉತ್ತರ ತಪ್ಪೆಂದೇ ಲೆಕ್ಕ. ಅದೇ ತುಣುಕನ್ನು ಮೂರು ದಿನ ಬಿಟ್ಟು, ಮತ್ತೆ ಹತ್ತು ದಿನ ಬಿಟ್ಟು, ಲಿಖಿತ ರೂಪ ನೋಡದೆ ಇನ್ನೊಮ್ಮೆ ಬರೆದು ನೋಡಿದಾಗ, ಮೊದಲ ಸಲ ಒಂದೇ ಮುದ್ದೆಯಾಗಿ ಕೇಳಿಸಿದ್ದ ‘ಷುಡವ್‌ಬಿನ್’ ಎಂಬುದು ‘ಷುಡ್ ಹ್ಯಾವ್ ಬೀನ್’ ಎಂದು ಮೂರು ಪದಗಳಾಗಿ ಕೇಳಿಸತೊಡಗಿತ್ತು.