ಸ್ಕ್ಯಾನ್‌ನಲ್ಲಿ ಅಂಥದ್ದೇನೂ ಇಲ್ಲ ಅಂತಾರೆ, ಮತ್ತೆ ನೋವು ಯಾಕೆ ಹೋಗ್ತಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಎರಡು ವರ್ಷದ ಹಿಂದೆ ನೀರಿನ ಬಕೆಟ್ ಎತ್ತುವಾಗ ಸೊಂಟ ಹಿಡ್ಕೊಂಡಿತು. ಮಾತ್ರೆ ತಗೊಂಡು ಮಲಗಿದೆ, ಕಮ್ಮಿಯಾಯ್ತು. ಆದ್ರೆ ಪೂರ್ತಿ ಹೋಗಲೇ ಇಲ್ಲ. ಎಂಆರ್‌ಐ ಮಾಡಿಸಿದ್ರೆ "ಡಿಸ್ಕ್ ಸ್ವಲ್ಪ ಸವೆದಿದೆ, ಅಂಥದ್ದೇನೂ ಇಲ್ಲ" ಅಂದ್ರು. ಈಗ ಮನೆಯವರು "ಎಲ್ಲಾ ನಿನ್ನ ಮನಸ್ಸಿನದು" ಅಂತಾರೆ. ಹಾಗಿದ್ರೆ ಈ ನೋವು ಎಲ್ಲಿಂದ ಬರ್ತಿದೆ?

ಉತ್ತರ: ನಿಮ್ಮ ನೋವು ನಿಜವಾದದ್ದು. ಎಂಆರ್‌ಐ ಸ್ಕ್ಯಾನ್ ಮೂಳೆ, ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ನರಗಳನ್ನು ತೋರಿಸುತ್ತದೆ. ನೋವನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. "ಏನೂ ಇಲ್ಲ" ಅಂದರೆ ಆಪರೇಷನ್ ಮಾಡುವಂಥದ್ದೇನೂ ಕಾಣುತ್ತಿಲ್ಲ ಅಂತ ಅರ್ಥ, ಅಷ್ಟೇ. ಅದನ್ನು ಬಿಡಿಸಿ ಹೇಳದೆ ಕಳಿಸುವುದರಿಂದ ಎಷ್ಟೋ ಜನ ತಮ್ಮ ಮೇಲೆ ತಾವೇ ಅನುಮಾನ ಪಡುವಂತಾಗುತ್ತದೆ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ.

ಮೊದಲು ಮಾಮೂಲಿ ನೋವನ್ನು ನೋಡೋಣ. ಬಿಸಿ ಕಾವಲಿಗೆ ಬೆರಳು ತಾಗಿದರೆ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಮೊದಲು ಚುರ್ ಅನ್ನುತ್ತದೆ. ಸ್ವಲ್ಪ ತಡೆದು ಉರಿ ಶುರುವಾಗುತ್ತದೆ. ಆ ಚುರ್ ಮತ್ತು ಆ ಉರಿ ಬೇರೆ ಬೇರೆ ನರದ ಎಳೆಗಳಲ್ಲಿ ಬರುತ್ತವೆ, ಒಂದು ಬೇಗ, ಇನ್ನೊಂದು ನಿಧಾನ. ಗಾಯ ಮಾಯುತ್ತಾ ಬಂದಂತೆ ನೋವೂ ಇಳಿಯುತ್ತದೆ. ಉಳುಕು, ಮೂಳೆ ಮುರಿತ, ಹಲ್ಲು ಕೀಳಿಸಿದ ಮೇಲಿನ ನೋವು, ಎಲ್ಲವೂ ಈ ಜಾತಿಯವು. ಇಲ್ಲಿ ನೋವು ಒಳ್ಳೆಯ ಕೆಲಸವನ್ನೇ ಮಾಡುತ್ತಿದೆ. "ಈಗ ಹುಷಾರು" ಅನ್ನುತ್ತಿದೆ.

ನೋವು ಮೂರು ತಿಂಗಳು ದಾಟಿಯೂ ಉಳಿದರೆ, ಅಥವಾ ಬಿಟ್ಟು ಬಿಟ್ಟು ಬರುತ್ತಲೇ ಇದ್ದರೆ, ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಈ ನೋವಿಗೆ ತನ್ನದೇ ಆದ ಜಾಗವಿದೆ. ಹಾಗಾಗಿ ಇದು ಯಾವಾಗಲೂ ಬೇರೆ ಕಾಯಿಲೆಯ ಬಾಲವಾಗಿಯೇ ಬರಬೇಕೆಂದಿಲ್ಲ, ಕೆಲವರಲ್ಲಿ ನೋವೇ ಕಾಯಿಲೆ.

ಒಳಗೆ ಆಗುವುದೇನು? ಹೊಲದಲ್ಲಿ ಜನ ದಿನಾ ಓಡಾಡಿದ ಕಡೆ ಕಾಲುದಾರಿ ಬೀಳುತ್ತದಲ್ಲ, ನರಗಳಲ್ಲೂ ಹಾಗೆಯೇ. ನೋವಿನ ಸುದ್ದಿ ಪದೇ ಪದೇ ಹೋದಷ್ಟೂ ಬೆನ್ನುಹುರಿ ಮತ್ತು ಮೆದುಳಿನಲ್ಲಿ ಅದರ ದಾರಿ ಸಲೀಸಾಗುತ್ತದೆ. ಆಮೇಲೆ ಸಣ್ಣ ಕಾರಣವೂ ದೊಡ್ಡ ನೋವಾಗಿ ಕಾಣುತ್ತದೆ. ಮೊದಲು ನೋಯದೇ ಇದ್ದದ್ದೂ, ಸುಮ್ನೆ ಬಗ್ಗುವುದು, ಜಾಸ್ತಿ ಹೊತ್ತು ಕೂರುವುದು ಕೂಡ, ನೋಯತೊಡಗುತ್ತದೆ. ಮೂಲ ಪೆಟ್ಟು ಎಂದೋ ಮಾಯ್ದಿರಬಹುದು.

ಡಿಸ್ಕ್ ಸವೆತದ ಭಯ ಬೇಡ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನವೊಂದಿದೆ. ಅದರಲ್ಲಿ 20ರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಸವೆತ ಇತ್ತು. 80ರ ವಯಸ್ಸಿನವರಲ್ಲಿ ಶೇ 96. ಕೂದಲು ನರೆತಷ್ಟೇ ಸಹಜ ಅದು.

ಮನೆಯವರ ಮಾತಿಗೆ ಬರೋಣ. ಮನಸ್ಸಿಗೂ ನೋವಿಗೂ ಸಂಬಂಧ ಖಂಡಿತ ಇದೆ. ಆದರೆ ಅವರು ಅಂದುಕೊಂಡಂತೆ ಅಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು, ನೋವಿನ ಸುದ್ದಿಗೆ ಬೆನ್ನುಹುರಿಯಲ್ಲೇ ಒಂದು ತಡೆ ಇದೆ ಎಂದು ವಾದಿಸಿದರು. ಏಟು ಬಿದ್ದ ಜಾಗ ಉಜ್ಜಿಕೊಂಡರೆ ಹಾಯೆನಿಸುವುದು ಯಾಕೆಂದು ಅದರಿಂದ ತಿಳಿಯಿತು. ಮೆದುಳಿನಿಂದ ಕೆಳಗೆ ಬರುವ ಸಂದೇಶಗಳೂ ಆ ತಡೆಯನ್ನು ಬಿಗಿ ಮಾಡಬಲ್ಲವು, ಸಡಿಲ ಮಾಡಬಲ್ಲವು. ವಿವರಗಳು ಆಮೇಲೆ ಬದಲಾದವು, ಮೂಲ ವಿಚಾರ ಉಳಿದಿದೆ. ನಿದ್ದೆಗೆಟ್ಟ ರಾತ್ರಿ, ಸಾಲದ ಚಿಂತೆ, "ನಾಟಕ ಮಾಡ್ತಾಳೆ" ಅನ್ನುವ ಮಾತು, ಇವೆಲ್ಲ ನಿಜಕ್ಕೂ ನೋವು ಏರಿಸುತ್ತವೆ. ಈ ಸಾಲನ್ನು ಮನೆಯವರಿಗೂ ಓದಿಸಿ.

ಮಲಗಿಯೇ ಇರುವುದು ಸೊಂಟಕ್ಕೆ ಒಳ್ಳೆಯದಲ್ಲ. ಸ್ನಾಯು ಸೋಲುತ್ತದೆ, ಏಳುವ ಭಯ ಬೆಳೆಯುತ್ತದೆ. ಆದರೆ ಇದರ ತದ್ವಿರುದ್ಧ ತಪ್ಪೂ ಇದೆ, ಹೆಂಗಸರಲ್ಲಿ ಅದನ್ನು ತುಂಬಾ ನೋಡಿದ್ದೇನೆ. ನೋವು ಕಮ್ಮಿ ಇದ್ದ ಭಾನುವಾರ ಅಟ್ಟದ ಧೂಳು ಹೊಡೆದು, ಚಾದರಗಳನ್ನೆಲ್ಲ ಒಗೆದು, ಮಾಳಿಗೆ ಮೇಲೆ ಒಣಹಾಕಿ, ಬುಧವಾರದವರೆಗೂ ಮೇಲೇಳದೆ ಇರುವುದು! ಹಾಗೆ ಮಾಡಬೇಡಿ. ನೋವು ಜಾಸ್ತಿ ಇರುವ ದಿನವೂ ನಿಮ್ಮಿಂದ ಎಷ್ಟು ನಡೆಯಲು ಆಗುತ್ತದೆ ನೋಡಿಕೊಳ್ಳಿ. ಹತ್ತು ನಿಮಿಷವೇ? ಹಾಗಿದ್ದರೆ ಚೆನ್ನಾಗಿರುವ ದಿನವೂ ಹತ್ತೇ ನಿಮಿಷ. ಒಂದು ವಾರ ಹಾಗೇ ನಡೆದು, ಆಮೇಲೆ ಒಂದೆರಡು ನಿಮಿಷ ಕೂಡಿಸಿ. ಚಪಾತಿ ಲಟ್ಟಿಸುವುದನ್ನೂ ನಡುವೆ ಎದ್ದು ಕೂತು ಎರಡು ಕಂತಿನಲ್ಲಿ ಮಾಡಿ. ನಡೆಯುವಾಗ ಸ್ವಲ್ಪ ನೋಯಬಹುದು. ಹಾಗೆ ನೋವಾದರೆ ಒಳಗೆ ಏನೋ ಹರಿಯುತ್ತಿದೆ ಅಂತಲ್ಲ.

ದೀರ್ಘಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಆಪ್ತಸಮಾಲೋಚನೆಯಂಥ ನೆರವು ಒಳ್ಳೆಯದು ಎನ್ನುತ್ತದೆ. ನಮ್ಮಲ್ಲಿ ಎಲ್ಲರಿಗೂ ಬರೆದುಕೊಡುವ ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆ) ಎರಡನ್ನೂ ಮಾಮೂಲಿಯಾಗಿ ಬಳಸುವುದು ಬೇಡ ಎನ್ನುತ್ತದೆ. ಬಿಸಿನೀರಿನ ಶಾಖ ಹಿತವೆನಿಸಿದರೆ ಕೊಟ್ಟುಕೊಳ್ಳಿ.

ಮಾತ್ರೆಗಳ ಬಗ್ಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಹೊಸ ನೋವಿಗೆ ನಾಲ್ಕೈದು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರುವುದು ಆಗಬಹುದು. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರಿಗಂತೂ ಅಪಾಯ ಜಾಸ್ತಿ. ಪ್ಯಾರಸಿಟಮಾಲ್ ಕೂಡ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟುವಂತಿಲ್ಲ, ದಾಟಿದರೆ ಲಿವರ್‌ಗೆ ಹಾನಿ. ಉರಿ, ಜುಮುಜುಮು, ಕರೆಂಟ್ ಹೊಡೆದಂಥ ನೋವು ಇದ್ದರೆ ಅದು ನರದ ನೋವಿರಬಹುದು. ಅದಕ್ಕೆ ಡಾಕ್ಟರು ಕೊಡುವ ಔಷಧಿಯೇ ಬೇರೆ. ಅವುಗಳಲ್ಲಿ ಕೆಲವು ಖಿನ್ನತೆಗೂ ಕೊಡುವ ಮಾತ್ರೆಗಳೇ. ಅದನ್ನು ನೋಡಿ ಗಾಬರಿಯಾಗಿ ಬಿಟ್ಟುಬಿಡಬೇಡಿ.

ಇವು ಕಂಡರೆ ಮಾತ್ರ ಕಾಯಬೇಡಿ: ಮೂತ್ರ, ಮಲದ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲು ಸೋಲುವುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೂ ತಡ ಮಾಡದೆ ತೋರಿಸಿ. ಇವು ಬೆನ್ನುಮೂಳೆಯ ಕ್ಷಯದ (ಟಿಬಿ) ಲಕ್ಷಣವೂ ಆಗಿರಬಹುದು, ನಮ್ಮ ಕಡೆ ಅದು ಇನ್ನೂ ಇದೆ.

ದೊಡ್ಡ ಆಸ್ಪತ್ರೆಗಳಲ್ಲಿ ಪೇನ್ ಕ್ಲಿನಿಕ್ ಇರುತ್ತದೆ, ಸಾಮಾನ್ಯವಾಗಿ ಅರಿವಳಿಕೆ ವಿಭಾಗದವರೇ ನಡೆಸುತ್ತಾರೆ. ಹೋದಾಗ "ತುಂಬಾ ನೋವು" ಅನ್ನುವುದಕ್ಕಿಂತ ಯಾವ ಕೆಲಸ ನಿಂತಿದೆ ಎಂದು ಹೇಳಿ. ಒಲೆ ಮುಂದೆ ಎಷ್ಟು ಹೊತ್ತು ನಿಲ್ಲಲು ಆಗುತ್ತದೆ, ಬಸ್ಸಿನಲ್ಲಿ ಎಷ್ಟು ದೂರ ಕೂರಬಹುದು, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಇವನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಮೂರು ತಿಂಗಳಾದ ಮೇಲೆ ಅದೇ ಚೀಟಿ ಇಟ್ಟುಕೊಂಡು ಹೋಲಿಸಿದರೆ, ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನಿಮಗೂ ಡಾಕ್ಟರಿಗೂ ಗೊತ್ತಾಗುತ್ತದೆ.