ನಾಲ್ಕು ಬೆರಳಿನ ಅಂಚು

ಮೇ ತಿಂಗಳ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ಇಲ್ಲವೇ ಅಫಜಲಪುರದ ಕಡೆಯ ಎರೆಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಅಡ್ಡಾಡಿದವರಿಗೆ, ನೆಲ ಬಾಯಿ ಬಿಡುತ್ತದೆ ಎಂಬ ಮಾತು ಬರೀ ಅಲಂಕಾರವಲ್ಲವೆಂದು ಗೊತ್ತಿರುತ್ತದೆ. ಕೈ ಇಳಿಯುವಷ್ಟು ಅಗಲದ ಬಿರುಕುಗಳು ಕೆಲವೆಡೆ ಮೀಟರಿಗೂ ಮಿಕ್ಕಿದ ಆಳಕ್ಕೆ ಹೋಗಿರುತ್ತವೆ. ಮಳೆ ಹಿಡಿದ ಮೇಲೆ ಅದೇ ಹೊಲ ಉಬ್ಬಿ, ಬಿರುಕುಗಳನ್ನೆಲ್ಲ ಮುಚ್ಚಿಕೊಂಡು, ಕಾಲಿಟ್ಟವರ ಚಪ್ಪಲಿ ಕಿತ್ತುಕೊಳ್ಳುವಷ್ಟು ಜಿಗುಟಾಗುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಈ ಮಣ್ಣು ತೊಗರಿಗೆ ವರ. ಅದರ ಮೇಲೆ ಡಾಂಬರು ಹಾಸಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಓಡಿಸುವವರಿಗೆ ಅದು ಬೇರೆಯೇ ಸಂಗತಿ.

ಎರೆಮಣ್ಣಿನ ಈ ಗುಣಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ನೀರು ಸಿಕ್ಕರೆ ಹಾಳೆಗಳ ನಡುವೆ ಸೇರಿಸಿಕೊಂಡು ಹಿಗ್ಗುತ್ತವೆ, ಒಣಗಿದರೆ ಕುಗ್ಗುತ್ತವೆ. ಇಡೀ ರಸ್ತೆ ಒಂದೇ ಸಮನಾಗಿ ಏರಿ ಇಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ರಸ್ತೆಯ ನಡುಭಾಗಕ್ಕೆ ಡಾಂಬರಿನ ಹೊದಿಕೆಯಿರುವುದರಿಂದ ಅಲ್ಲಿನ ತೇವ ಹೆಚ್ಚು ಬದಲಾಗುವುದಿಲ್ಲ. ಅಂಚುಗಳು ಮಾತ್ರ ಮಳೆಗಾಲದಲ್ಲಿ ಮೊದಲು ನೆನೆದು, ಬೇಸಿಗೆಯಲ್ಲಿ ಮೊದಲು ಒಣಗುತ್ತವೆ. ಹೀಗೆ ವರ್ಷವರ್ಷವೂ ನಡು ನಿಂತು ಅಂಚು ಆಡಿದಾಗ ಅಂಚಿನ ಗುಂಟ ಉದ್ದುದ್ದ ಸೀಳು ಬೀಳುತ್ತದೆ. ಸೀಳಿನೊಳಗೆ ಇಳಿದ ನೀರನ್ನು ಲಾರಿಯ ಗಾಲಿ ಅದುಮಿದಾಗ, ಒತ್ತಡಕ್ಕೆ ಸಿಕ್ಕ ಆ ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತ ಹೋಗುತ್ತದೆ. ಆಮೇಲೆ ತೆಗ್ಗು ಬೀಳುವುದು ಕೆಲವು ದಿನಗಳ ಮಾತು.

ಹೊಂಡದ ಮೇಲೆ ಹಾದ ಗಾಲಿ ಒಂದು ಕ್ಷಣ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ನೆಲವನ್ನು ಒತ್ತದ ಗಾಲಿಗೆ ಬ್ರೇಕ್ ಹಾಕಿಯೂ ಪ್ರಯೋಜನವಿಲ್ಲ, ಸ್ಟಿಯರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಆದರೂ ಹೊಂಡ ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಅದರ ಫೋಟೊ ಬರುತ್ತದೆ. ಫೋಟೊದಲ್ಲಿ ಕಾಣದ, ನನ್ನ ಎಣಿಕೆಯಲ್ಲಿ ಅದಕ್ಕಿಂತ ಕೆಟ್ಟದ್ದಾದ ದೋಷ ಇನ್ನೊಂದಿದೆ. ಡಾಂಬರಿನ ಅಂಚು ಮತ್ತು ಪಕ್ಕದ ಮಣ್ಣಿನ ನಡುವೆ ಉಂಟಾಗುವ ಮೆಟ್ಟಿಲು ಅದು. ಮಳೆನೀರು ಪಕ್ಕದ ಮಣ್ಣನ್ನು ಕೊಚ್ಚುತ್ತದೆ, ಎದುರಿನ ವಾಹನಕ್ಕೆ ದಾರಿ ಬಿಡಲು ಕೆಳಗಿಳಿದ ಗಾಲಿಗಳು ಉಳಿದದ್ದನ್ನು ಸವೆಸುತ್ತವೆ, ಮೇಲಿಂದ ಮೇಲೆ ಹಾಕಿದ ಡಾಂಬರಿನ ಹೊಸ ಪದರ ಎತ್ತರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಾಲ್ಕು ಬೆರಳು, ಅಂದರೆ ಸುಮಾರು ಏಳೆಂಟು ಸೆಂಟಿಮೀಟರ್ ನೇರ ಇಳಿತವಿದ್ದರೆ ಅಪಾಯಕ್ಕೆ ಸಾಕು.

ಎಡಗಾಲಿಗಳು ಆ ಅಂಚಿನಿಂದ ಕೆಳಗಿಳಿದವು ಎಂದಿಟ್ಟುಕೊಳ್ಳಿ. ಚಾಲಕ ಗಾಬರಿಯಲ್ಲಿ ಸ್ಟಿಯರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸುತ್ತಾನೆ. ಟೈರಿನ ಬದಿ ಡಾಂಬರಿನ ಗೋಡೆಗೆ ಉಜ್ಜುತ್ತದೆಯೇ ಹೊರತು ಮೇಲೇರುವುದಿಲ್ಲ. ಅವನು ಇನ್ನಷ್ಟು ತಿರುಗಿಸುತ್ತಾನೆ, ಮತ್ತೂ ಇನ್ನಷ್ಟು. ಕೊನೆಗೆ ಮುಂಗಾಲಿ ಟಕ್ಕನೆ ಮೇಲೇರಿದಾಗ ಉಜ್ಜಾಟದ ತಡೆ ಇದ್ದಕ್ಕಿದ್ದಂತೆ ಮಾಯವಾಗಿ, ಅಲ್ಲಿಯವರೆಗೆ ತಿರುಗಿಸಿಟ್ಟಿದ್ದ ಕೋನವೆಲ್ಲ ಒಮ್ಮೆಲೇ ಕೆಲಸಕ್ಕೆ ಬರುತ್ತದೆ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕಾರು ಎದುರಿನ ಪಥದಲ್ಲಿರುತ್ತದೆ. ಅಲ್ಲಿ ಬಸ್ಸೊಂದು ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಹೊಲದಿಂದ ಮೇಲೆ ಬಂದ ಟ್ರ್ಯಾಕ್ಟರ್ ತನ್ನ ಗಾಲಿಯ ಎರೆಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತದೆ, ಸಣ್ಣ ಹನಿ ಬಿದ್ದರೆ ಅದು ಸೋಪಿನಂತಾಗುತ್ತದೆ. ಒಣ ಡಾಂಬರಿನಲ್ಲಿ ಘರ್ಷಣೆಯ ಗುಣಾಂಕ 0.7ರಷ್ಟಿದ್ದರೆ 80 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 36 ಮೀಟರಿಗೆ ನಿಲ್ಲುತ್ತದೆ; ಒದ್ದೆ ರಸ್ತೆಯಲ್ಲಿ ಅದು 0.4ಕ್ಕೆ ಇಳಿದರೆ 63 ಮೀಟರ್ ಬೇಕು. ಕೆಸರು ಸವರಿದ ರಸ್ತೆಯ ಲೆಕ್ಕ ಅದಕ್ಕೂ ಕೆಟ್ಟದು. ಎಡಗಾಲಿಗಳು ಕೆಸರಿನ ಮೇಲೆ, ಬಲಗಾಲಿಗಳು ಡಾಂಬರಿನ ಮೇಲೆ ಇದ್ದಾಗ ಬ್ರೇಕ್ ಒತ್ತಿದರಂತೂ ಹಿಡಿತ ಹೆಚ್ಚಿರುವ ಬದಿಗೆ ಕಾರು ಸುತ್ತುತ್ತದೆ.

ಸೇಡಂ, ಚಿತ್ತಾಪುರಗಳ ಸಿಮೆಂಟು ಮತ್ತು ಫರಸಿಯ (ಹಾಸುಗಲ್ಲಿನ) ಲಾರಿಗಳನ್ನೂ ಇಲ್ಲಿ ಮರೆಯುವಂತಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ಪ್ರಯೋಗವೊಂದರಿಂದ, ರಸ್ತೆಗಾಗುವ ಹಾನಿ ಗಾಲಿಯ ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂದು ಕಂಡುಬಂತು. ಭಾರ ಶೇ. 20 ಹೆಚ್ಚಾದರೆ ಹಾನಿ ಎರಡು ಪಟ್ಟು, ಶೇ. 50 ಹೆಚ್ಚಾದರೆ ಐದು ಪಟ್ಟು.

ಇಷ್ಟೆಲ್ಲ ಇದ್ದರೂ ಅಂಕಿ ಅಂಶಗಳಲ್ಲಿ ರಸ್ತೆಯ ಹೆಸರು ಅಪರೂಪ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವುಗಳಲ್ಲಿ ಗುಂಡಿಗಳ ಖಾತೆಗೆ ಬಿದ್ದವು 1,856, ಅಂದರೆ ನೂರಕ್ಕೆ ಒಂದರಷ್ಟು. ಅತಿವೇಗದ ಖಾತೆಗೆ ಬಿದ್ದವು ಶೇ. 71ರಷ್ಟು. ಅತಿವೇಗ ಸುಳ್ಳಲ್ಲ. ಆದರೆ ಅಂಚಿನ ಮೆಟ್ಟಿಲಿನಿಂದ ಸಿಡಿದು ಎದುರಿನ ಪಥಕ್ಕೆ ಹೋದ ಕಾರಿನ ಬಗ್ಗೆ ದೂರು ಬರೆಯುವಾಗ, ನಮ್ಮ ಕಡೆಯ ಠಾಣೆಗಳಲ್ಲಿ ರೂಢಿಯಾದ ‘ಅತಿವೇಗ ಮತ್ತು ಅಲಕ್ಷ್ಯತನದಿಂದ ಚಲಾಯಿಸಿ’ ಎಂಬ ಸಾಲೇ ಬರುತ್ತದೆ. ಕಾರು ಯಾಕೆ ಬಲಕ್ಕೆ ಬಂತು ಎಂಬುದಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ.

ಉಪಾಯಗಳು ಹೊಸವೇನಲ್ಲ. ಎರೆಮಣ್ಣಿಗೆ ಸುಣ್ಣ ಬೆರೆಸಿದರೆ ಅದರ ಉಬ್ಬರ ತಗ್ಗುತ್ತದೆ. ಎರೆಯ ಮೇಲೆ ಉಬ್ಬದ, ಅಂಟುಗುಣವುಳ್ಳ ಮಣ್ಣಿನ ದಪ್ಪ ಪದರ ಹಾಸುವ ವಿಧಾನವನ್ನು ಮುಂಬಯಿ ಐಐಟಿಯಲ್ಲಿದ್ದ ಆರ್.ಕೆ. ಕಟ್ಟಿ ದಶಕಗಳ ಹಿಂದೆಯೇ ರೂಪಿಸಿದರು. ಜಂಬಿಟ್ಟಿಗೆಯ ದಿಬ್ಬದ ಮೇಲೆಯೇ ಕೋಟೆ ಕಟ್ಟಿಕೊಂಡ ಬೀದರಿನಲ್ಲಿ ರಸ್ತೆಯ ಬದಿಗೆ ಹಾಕಲು ಮುರುಮಿಗೆ, ಅಂದರೆ ಗರಸು ಮಣ್ಣಿಗೆ, ಏನೂ ಬರವಿಲ್ಲ. ಡಾಂಬರು ಹಾಸುವಾಗಲೇ ಅಂಚನ್ನು ಸುಮಾರು 30 ಡಿಗ್ರಿ ಇಳಿಜಾರಾಗಿ ಒತ್ತಿದರೆ, ಪಕ್ಕದ ಮಣ್ಣು ಕೊಚ್ಚಿಹೋದರೂ ಟೈರು ಉಜ್ಜಾಡದೆ ಮೇಲೇರುತ್ತದೆ. ಮಾನದಂಡ ಮೀರಿ ರಸ್ತೆ ಕಟ್ಟಿ ಸಾವಿಗೆ ಕಾರಣರಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ಕಲಮು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲಿದೆ. ಆದರೆ ಅದನ್ನು ಬಳಸಬೇಕಾದರೆ ಅಂಚಿನ ಇಳಿತ ಎಷ್ಟಿತ್ತೆಂದು ಯಾರಾದರೂ ಅಳತೆಪಟ್ಟಿ ಹಿಡಿದು ಬರೆದಿಟ್ಟಿರಬೇಕು, ಅದೂ ಅಂದೇ. ಎರೆಮಣ್ಣಿನ ಸೀಮೆಯಲ್ಲಿ ಒಂದು ದೊಡ್ಡ ಮಳೆ ಬಂದರೆ ಗಾಲಿಯ ಗುರುತು ಅಳಿಸಿಹೋಗುತ್ತದೆ, ಮರುದಿನ ನಾಲ್ಕು ಟ್ರಿಪ್ಪು ಮುರುಮು ಸುರಿದರೆ ಮೆಟ್ಟಿಲೂ ಇರುವುದಿಲ್ಲ.